ಹೈಡ್ರಾ: ದ್ರವ ಹೈಡ್ರೋಜನ್ನಿನಿಂದ ಓಡುವ ನಾರ್ವೆಯ ಫೆರಿ

ನಾರ್ವೆಯ ನೈರುತ್ಯ ಕರಾವಳಿಯ ರೋಗಾಲಾಂಡ್ ಪ್ರಾಂತ್ಯದಲ್ಲಿ 13ನೇ ಸಂಖ್ಯೆಯ ಹೆದ್ದಾರಿ ಯೆಲ್ಮೆಲಾಂಡ್ ಎಂಬ ಊರಿನ ನೀರಂಚಿಗೆ ಬಂದು ನಿಂತು, ಆಚೆ ದಡದ ನೆಸ್ವಿಕ್‌ನಿಂದ ಮತ್ತೆ ಮುಂದುವರಿಯುತ್ತದೆ. ನಡುವಿನ ನೀರನ್ನು ದಾಟಿಸುವ ಹಡಗುಗಳಲ್ಲಿ ಒಂದು ನೋರ್ಲೆಡ್ ಕಂಪನಿಯ ‘ಹೈಡ್ರಾ’. ಸಿಗಂದೂರಿಗೆ ಸೇತುವೆಯಾಗುವ ಮೊದಲು ಶರಾವತಿ ಹಿನ್ನೀರಿನಲ್ಲಿ ವಾಹನ ದಾಟಿಸುತ್ತಿದ್ದ ಲಾಂಚನ್ನು ಕಂಡವರಿಗೆ ಇದರ ಕೆಲಸವನ್ನು ವಿವರಿಸಬೇಕಿಲ್ಲ. ಆದರೆ ಇದು 82 ಮೀಟರ್ ಉದ್ದದ, 80 ಕಾರು ಮತ್ತು 300 ಜನರನ್ನು ಹೊರಬಲ್ಲ ಹಡಗು. 2023ರ ಮಾರ್ಚ್ ಕೊನೆಯಿಂದ ದ್ರವ ಹೈಡ್ರೋಜನ್ ಬಳಸಿ ಸೇವೆ ನೀಡುತ್ತಿರುವ ಜಗತ್ತಿನ ಮೊದಲ ಫೆರಿ.

ಪ್ರಯಾಣಿಕರ ಅನುಭವದ ಮಟ್ಟಿಗೆ ನನಗೆ ದೂರುಗಳಿಲ್ಲ. ಡೀಸೆಲ್ ಹೊಗೆಯ ವಾಸನೆ ಇಲ್ಲ, ಕಾಲಡಿಯ ಕಬ್ಬಿಣ ನಡುಗುವುದಿಲ್ಲ. ವೇಗ ಒಂಬತ್ತು ನಾಟ್ (ಗಂಟೆಗೆ ಸುಮಾರು 17 ಕಿಲೋಮೀಟರ್) ಮಾತ್ರವಾದರೂ ಇಷ್ಟು ಚಿಕ್ಕ ದಾರಿಗೆ ಅದು ಸಾಕು. ಅವಕಾಶವಿದ್ದವರು ಕಾರಿನಲ್ಲೇ ಕೂರದೆ ಹೊರಗೆ ಬಂದು ತಲೆಯೆತ್ತಿ ನೋಡಬೇಕು, ಏಕೆಂದರೆ ಈ ಹಡಗಿನ ವಿಶೇಷವೆಲ್ಲ ಇರುವುದು ಮೇಲಿನ ಅಟ್ಟದಲ್ಲಿ. 80 ಘನ ಮೀಟರ್ ಗಾತ್ರದ ಟ್ಯಾಂಕ್, ಬಲಾರ್ಡ್ ಕಂಪನಿಯ ತಲಾ 200 ಕಿಲೋವಾಟ್‌ನ ಎರಡು ಇಂಧನ ಕೋಶಗಳು, ಅನಿಲ ಹೊರಹೋಗುವ ಕೊಳವೆ, ಇವೆಲ್ಲವೂ ಅಲ್ಲಿವೆ. ಹೈಡ್ರೋಜನ್ ಅತ್ಯಂತ ಹಗುರವಾದ ಅನಿಲವಾದ್ದರಿಂದ ಸೋರಿದರೂ ಮೇಲಕ್ಕೇ ಹೋಗಲಿ, ಜನರಿರುವ ಕಡೆ ಸಂಗ್ರಹವಾಗದಿರಲಿ ಎಂಬುದು ಈ ಜೋಡಣೆಯ ಹಿಂದಿನ ವಿವೇಕ. ಕೋಶಗಳು ಹೈಡ್ರೋಜನ್ನನ್ನು ಗಾಳಿಯ ಆಮ್ಲಜನಕದೊಡನೆ ಕೂಡಿಸಿ ವಿದ್ಯುತ್ ಉತ್ಪಾದಿಸುತ್ತವೆ, ಹೊರಬೀಳುವುದು ನೀರು. ಜೊತೆಗೆ ಬ್ಯಾಟರಿಯೂ, ಅಗತ್ಯ ಬಿದ್ದರೆ ಬಳಸಲು ಡೀಸೆಲ್ ಜನರೇಟರುಗಳೂ ಇವೆ.

ಟ್ಯಾಂಕಿನ ವಿಷಯವನ್ನು ಇನ್ನಷ್ಟು ಹೇಳಲೇಬೇಕು. ಹೈಡ್ರೋಜನ್ ದ್ರವವಾಗಿ ಉಳಿಯಬೇಕಾದರೆ ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನ ಚಳಿ ಬೇಕು. ಅಷ್ಟು ಮಾಡಿದರೂ ಒಂದು ಘನ ಮೀಟರಿನಲ್ಲಿ ಹಿಡಿಯುವುದು ಸುಮಾರು 71 ಕಿಲೋ ಮಾತ್ರ. ಕಿಲೋ ಲೆಕ್ಕದಲ್ಲಿ ಅದು ಡೀಸೆಲ್‌ಗಿಂತ ಸುಮಾರು ಮೂರು ಪಟ್ಟು ಶಕ್ತಿ ಕೊಡುತ್ತದೆ, ಆದರೆ ಅಷ್ಟೇ ಗಾತ್ರದ ಟ್ಯಾಂಕಿನಲ್ಲಿ ಡೀಸೆಲ್ ಕೊಡುವುದರ ಕಾಲು ಭಾಗವನ್ನಷ್ಟೇ ಕೊಡುತ್ತದೆ. ಹಡಗಿಗೆ ಛಾವಣಿಯ ಮೇಲೆ ಜಾಗವಿದೆ; ರೆಕ್ಕೆಯೊಳಗೆ ಇಂಧನ ತುಂಬಿಕೊಳ್ಳುವ ವಿಮಾನಕ್ಕೆ ಆ ಅನುಕೂಲವಿಲ್ಲ. 2035ಕ್ಕೆ ಹೈಡ್ರೋಜನ್ ವಿಮಾನ ತರುವುದಾಗಿ 2020ರಲ್ಲಿ ಘೋಷಿಸಿದ್ದ ಏರ್‌ಬಸ್ 2025ರಲ್ಲಿ ಆ ಗಡುವನ್ನು ಮುಂದಕ್ಕೆ ಹಾಕಿದ್ದರ ಹಿಂದೆ ಇಂತಹ ತೊಡಕುಗಳೂ ಇವೆ.

ನನ್ನ ನಿಜವಾದ ತಕರಾರು ಇಂಧನ ಬರುವ ದಾರಿಯ ಬಗ್ಗೆ. ಹೈಡ್ರಾಗೆ ಹೈಡ್ರೋಜನ್ ಪೂರೈಸುವ ಒಪ್ಪಂದ ಲಿಂಡೆ ಕಂಪನಿಯದು. ಅದು ಜರ್ಮನಿಯ ಲೊಯ್ನಾದಿಂದ ಟ್ಯಾಂಕರ್ ಲಾರಿಗಳಲ್ಲಿ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಬರುತ್ತದೆ. ಜಲವಿದ್ಯುತ್ತಿಗೆ ಹೆಸರಾದ ನಾರ್ವೆ, ನೀರನ್ನು ವಿಭಜಿಸಿ ತನ್ನ ದಡದಲ್ಲೇ ತಯಾರಿಸಬಹುದಾದ ಇಂಧನವನ್ನು ಹೀಗೆ ರಸ್ತೆಯಲ್ಲಿ ತರಿಸಿಕೊಳ್ಳುವುದನ್ನು ಪ್ರಯೋಗದ ಆರಂಭದ ದಿನಗಳಿಗಷ್ಟೇ ಒಪ್ಪಬಹುದು. ಮಾಲಿನ್ಯ ಶೇ 95ರವರೆಗೆ ತಗ್ಗುತ್ತದೆ ಎಂಬ ನೋರ್ಲೆಡ್ ಕಂಪನಿಯ ಮಾತನ್ನು ಓದುವವರು ಈ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನೊಂದು ಪ್ರಶ್ನೆಯೂ ಇದೆ. ಇದೇ ಮಾರ್ಗದಲ್ಲಿ ಇದೇ ಕಂಪನಿಯ ‘ನೆಸ್ವಿಕ್’ ಎಂಬ ಫೆರಿ ಬ್ಯಾಟರಿಯಿಂದಲೇ ಓಡುತ್ತದೆ. ಹಾಗಿದ್ದರೆ ಹೈಡ್ರಾ ಏಕೆ ಬೇಕಿತ್ತು? ಈ ದಾರಿಗೆ ಬೇಕಿರಲಿಲ್ಲ ಎಂದೇ ನನ್ನ ಅಭಿಪ್ರಾಯ, ಬೇಕಿದ್ದದ್ದು ಕಲಿಕೆಗೆ. ನಾರ್ವೆಯ ಸಾರ್ವಜನಿಕ ರಸ್ತೆ ಇಲಾಖೆ ಟೆಂಡರಿನಲ್ಲಿಯೇ ಹೈಡ್ರೋಜನ್ ಬಳಕೆಯನ್ನು ಷರತ್ತಾಗಿ ಬರೆದದ್ದರಿಂದ ಹಡಗು ನಡೆಸುವವರು, ಕಟ್ಟುವವರು, ಕೋಶ ತಯಾರಿಸುವವರು, ಅನಿಲ ಮಾರುವವರು ಒಂದೇ ಮೇಜಿಗೆ ಬರಲೇಬೇಕಾಯಿತು. 2015ರಲ್ಲಿ ‘ಅಂಪೇರ್’ ಎಂಬ ಬ್ಯಾಟರಿ ಫೆರಿ ಬಂದದ್ದೂ ಇದೇ ಇಲಾಖೆಯ ಸ್ಪರ್ಧೆಯಿಂದ, ಮತ್ತು ನಾರ್ವೆಯಲ್ಲಿ ಬ್ಯಾಟರಿ ಫೆರಿಗಳು ಹರಡಿದ್ದು ಅದರ ನಂತರ. ಕೊಳ್ಳುವವರ ಖಚಿತ ಮಾತಿಲ್ಲದ ಉದ್ಯಮ ಸಹಭಾಗಿತ್ವಗಳು ಸಹಿ ಸಮಾರಂಭದಾಚೆ ಹೋಗುವುದು ಕಷ್ಟ. ಇಲ್ಲಿ ಆ ಮಾತು ಕರಾರಿನಲ್ಲಿತ್ತು.

ಹಡಗಿಗೆ ಐದರಲ್ಲಿ ನಾಲ್ಕೂವರೆ ಅಂಕ, ಇಂಧನ ಪೂರೈಕೆಗೆ ಎರಡು. ಹೈಡ್ರೋಜನ್ನಿಗೆ ತಕ್ಕ ದಾರಿ ಎಂದರೆ ಉತ್ತರದ ಬೋಡೋದಿಂದ ಲೋಫೋಟನ್ ದ್ವೀಪಗಳಿಗೆ ಹೋಗುವ, ತೆರೆದ ಸಮುದ್ರದಲ್ಲಿ ಸುಮಾರು ನಾಲ್ಕು ಗಂಟೆಯ ಪಯಣ. ಅಷ್ಟು ದೂರಕ್ಕೆ ಬ್ಯಾಟರಿಯ ತೂಕವೇ ಹೊರೆಯಾಗುತ್ತದೆ. ಆ ಮಾರ್ಗಕ್ಕೆ ಟೊರ್ಗಾಟನ್ ನೋರ್ಡ್ ಕಂಪನಿ ಎರಡು ಹೈಡ್ರೋಜನ್ ಫೆರಿಗಳ ಕರಾರು ಪಡೆದಿದೆ, ಮತ್ತು ಇಂಧನವನ್ನು ಬೋಡೋದಲ್ಲೇ ತಯಾರಿಸುವುದು ಅಲ್ಲಿನ ಯೋಜನೆ.