ಅಲಾಸ್ಕಾದಲ್ಲಿ ಹಡಗಿನಿಂದ ಇಳಿದ ಮೇಲೆ: ಪ್ಯಾಕೇಜ್ ಬಸ್ಸೋ, ಸಾಮಾನ್ಯ ಬಸ್ಸೋ, ರೈಲೋ?

ವಿಟಿಯರ್ ಬಂದರಿನಲ್ಲಿ ಹಡಗು ಬಿಟ್ಟು ಡೆನಾಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರು ಹಡಗಿನ ಕಂಪನಿಯ ಪ್ಯಾಕೇಜ್ ಬಸ್ಸಿಗೆ ದುಡ್ಡು ಸುರಿಯುವುದು ಬೇಡ. ನಾವು ಆಂಕರೇಜ್ ನಗರದವರೆಗೆ ಪ್ಯಾಕೇಜ್ ಬಸ್ಸಿನಲ್ಲಿ, ಮುಂದೆ ಡೆನಾಲಿಗೆ ಯಾರು ಬೇಕಾದರೂ ಟಿಕೆಟ್ ಕೊಂಡು ಹತ್ತುವ ಸಾಮಾನ್ಯ ಬಸ್ಸಿನಲ್ಲಿ ಹೋಗಿ, ರೈಲಿನಲ್ಲಿ ಆಂಕರೇಜ್‌ಗೆ ಮರಳಿದೆವು. ನನ್ನ ಮತ ಸಾಮಾನ್ಯ ಬಸ್ಸಿಗೆ.

ಪ್ಯಾಕೇಜ್ ಬಸ್ಸಿನ ತಕರಾರು ಶುರುವಾದದ್ದು ಸುರಂಗದ ಬಾಯಲ್ಲಿ. ವಿಟಿಯರ್‌ನಿಂದ ರಸ್ತೆಯಲ್ಲಿ ಹೊರಬರಲು ಇರುವುದು 4 ಕಿಲೋಮೀಟರ್ ಉದ್ದದ ಆ ಸುರಂಗ ಒಂದೇ. ಎರಡನೇ ಮಹಾಯುದ್ಧದ ಕಾಲದಲ್ಲಿ ರೈಲಿಗೆಂದು ಕೊರೆದದ್ದು. 2000ದಲ್ಲಿ ಕಾರು, ಬಸ್ಸುಗಳಿಗೂ ತೆರೆದರು. ಇರುವ ಒಂದೇ ಪಥದಲ್ಲಿ ರೈಲು, ಬರುವ ವಾಹನ, ಹೋಗುವ ವಾಹನ ಎಲ್ಲಕ್ಕೂ ಸರದಿ. ಊರು ಬಿಡುವವರಿಗೆ ಗಂಟೆಗೊಮ್ಮೆ, ಸ್ವಲ್ಪ ಹೊತ್ತು ಮಾತ್ರ ದಾರಿ ಬಿಡುತ್ತಾರೆ.

ಅಂಗಡಿಗೆ ಹೋದ ಇಬ್ಬರಿಗಾಗಿ ಕಾದು ನಮ್ಮ ಚಾಲಕ ಆ ಸರದಿ ತಪ್ಪಿಸಿದ. ಹೊರಗೆ ಮಳೆ, ಒಳಗೆ ಚಳಿ. ಅಮ್ಮನ ಸ್ವೆಟರ್ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಇನ್ನೆಲ್ಲೋ ಹೊರಟಿದ್ದ ಲಾರಿಯಲ್ಲಿ! ಹಿಂದಿನ ರಾತ್ರಿಯೇ ಸಾಮಾನನ್ನು ಕೋಣೆಯ ಬಾಗಿಲಲ್ಲಿಡಬೇಕು, ಹೋಟೆಲಿನಲ್ಲಿ ಸಿಗುತ್ತದೆ ಎಂಬುದು ಹಡಗಿನ ಕಂಪನಿಯ ನಿಯಮ. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ. ಸಂಜೆ ತಡವಾಗಿ ಪೆಟ್ಟಿಗೆ ಬರುವವರೆಗೆ ಅಮ್ಮ ನನ್ನ ಜಾಕೆಟ್‌ನಲ್ಲೇ ಇದ್ದರು.

ಸಾಮಾನ್ಯ ಬಸ್ಸು ಹೇಳಿದ ಹೊತ್ತಿಗೆ ಹೊರಟಿತು, ಯಾರಿಗೂ ಕಾಯಲಿಲ್ಲ. ಸಾಮಾನು ನಮ್ಮ ಕಣ್ಣೆದುರಿಗೇ ಬಸ್ಸಿನ ಹೊಟ್ಟೆ ಸೇರಿತು. ಸುಮಾರು 380 ಕಿಲೋಮೀಟರ್ ದಾರಿ. ಮಧ್ಯಾಹ್ನ ಕಳೆಯುವ ಮೊದಲೇ ತಲುಪಿದೆವು. ಸೀಟು ಮಾತ್ರ ಇಕ್ಕಟ್ಟು.

ರೈಲು ಚೆಂದ. ಹರಿಕೇನ್ ಗಲ್ಚ್ ಕಣಿವೆಯ ಮೇಲಿನ ಸೇತುವೆಯಲ್ಲಿ ಕಿಟಕಿಯಿಂದ ಕೆಳಗೆ ನೋಡಿದರೆ ಎದೆ ಝಲ್ ಎನ್ನುತ್ತದೆ. ಆದರೆ ಬೆಲೆ ಹೆಚ್ಚು, ಏಳು ಗಂಟೆಗೂ ಮೀರಿದ ಪ್ರಯಾಣ. ಗಾಜಿನ ಛಾವಣಿಯ ಬೋಗಿಯಂತೂ ನಮ್ಮ ಜೇಬಿನ ಮಾತಲ್ಲ.

ಡೆನಾಲಿ ಉದ್ಯಾನದೊಳಗೂ ಬಸ್ಸೇ ಗತಿ. ಬೇಸಿಗೆಯಲ್ಲಿ ಖಾಸಗಿ ಕಾರುಗಳಿಗೆ 15ನೇ ಮೈಲಿಯವರೆಗೆ ಮಾತ್ರ ಪ್ರವೇಶ. 2021ರಲ್ಲಿ ಪ್ರೆಟಿ ರಾಕ್ಸ್ ಬಳಿಯ ಭೂಕುಸಿತದಿಂದ ಮುಂದಿನ ರಸ್ತೆ ಮುಚ್ಚಿತ್ತು, ನಾವು ಹೋದಾಗ ಬಸ್ಸುಗಳು 43ನೇ ಮೈಲಿಯಲ್ಲಿ ತಿರುಗುತ್ತಿದ್ದವು. ಇಲ್ಲಿಯೂ ವಿವರಣೆಯ ಟೂರ್ ಬಸ್ಸಿಗಿಂತ ಅಗ್ಗದ ಟ್ರಾನ್ಸಿಟ್ ಬಸ್ಸೇ ಮೇಲು: ಮನಸ್ಸು ಬಂದಲ್ಲಿ ಇಳಿದು ನಡೆಯಬಹುದು, ಜಾಗವಿದ್ದರೆ ಹಿಂದೆ ಬರುವ ಬಸ್ಸು ಹತ್ತಬಹುದು. ವಿವರಣೆಯ ಹೊಣೆ ಇಲ್ಲದಿದ್ದರೂ ನಮ್ಮ ಚಾಲಕಿ ಕರಡಿ ಕಂಡಲ್ಲೆಲ್ಲ ಬಸ್ಸು ನಿಲ್ಲಿಸಿದರು. ದಾರಿಯಲ್ಲಿ ಊಟ ಸಿಗುವುದಿಲ್ಲ, ಚಪಾತಿ ಕಟ್ಟಿಕೊಂಡೇ ಹೊರಡಿ.