30 ಅಡಿ ಕೋಲು, ಒಂದು ಲೀಟರ್ ರೆಸಿನ್: ಈ ಕಿಟಕಿ ಕಿಟ್ ಬೆಂಗಳೂರಿನ ನೀರಿಗೆ ಸಾಕೇ?

ನೆಲದ ಮೇಲೆ ನಿಂತೇ ಎರಡನೇ ಮಹಡಿಯ ಗಾಜು ತೊಳೆಯುವ ‘ವಾಟರ್ ಫೆಡ್ ಪೋಲ್’ ಕಿಟ್‌ಗಳು ಈಗ ಬೆಂಗಳೂರಿನ ಕ್ಲೀನಿಂಗ್ ಏಜೆನ್ಸಿಗಳ ಕೈಗೂ ಬಂದಿವೆ. ಏಣಿ ಬೇಡ, ಹಗ್ಗ ಬೇಡ, ಒರೆಸುವುದೂ ಬೇಡ, ಉಜ್ಜಿ ನೀರು ಬಿಟ್ಟರೆ ಗಾಜು ತಾನೇ ಒಣಗಿ ಹೊಳೆಯುತ್ತದೆ ಎನ್ನುತ್ತಾರೆ ಮಾರುವವರು. ಮಾತು ಸುಳ್ಳಲ್ಲ. ಆದರೆ ಸಾಮಾನ್ಯ ಕಿಟ್‌ನಲ್ಲಿ ಬರುವುದನ್ನು ನೋಡಿ: ಎಳೆದರೆ 30 ಅಡಿ ಆಗುವ ಕೋಲು, ತುದಿಗೆ 12 ಇಂಚಿನ ಬ್ರಷ್, ಅದರಲ್ಲಿ ಎರಡು ಜೆಟ್, ಸಣ್ಣ ಪೈಪು, ಜೊತೆಗೆ ಒಂದು ಲೀಟರ್ ರೆಸಿನ್ (ನೀರಿನ ಲವಣ ಹಿಡಿದುಕೊಳ್ಳುವ ಸಣ್ಣ ಮಣಿಗಳು) ತುಂಬಿದ ಬಾಟಲಿ. ದುಡ್ಡೆಲ್ಲ ಕೋಲಿಗೆ ಹೋಗಿದೆ. ಗೆರೆ ಬೀಳದಂತೆ ನೋಡಿಕೊಳ್ಳಬೇಕಾದದ್ದು ಮಾತ್ರ ಆ ಬಾಟಲಿ, ಈ ಊರಿನ ನೀರಿಗೆ ಅದು ಏನೇನೂ ಸಾಲದು.

ಒರೆಸದೆ ಬಿಟ್ಟ ನೀರು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಗಾಜಿನ ಮೇಲೇ ಉಳಿಯುತ್ತವೆ. ಬಿಳಿ ಚುಕ್ಕೆ, ಬಿಳಿ ಗೆರೆ ಎಂದರೆ ಅದೇ. ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿದ ಒಟ್ಟು ಲವಣ, 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಒಳಗಿದ್ದರೆ ಕಣ್ಣಿಗೆ ಏನೂ ಕಾಣುವುದಿಲ್ಲ. 20 ದಾಟಿದರೆ ಕಪ್ಪು ಅಥವಾ ಕನ್ನಡಿಯಂಥ ರಿಫ್ಲೆಕ್ಟಿವ್ ಗಾಜಿನ ಮೇಲೆ ಮೊದಲು ಕಾಣತೊಡಗುತ್ತದೆ. ಕುಡಿಯುವ ನೀರಿನ ಐಎಸ್ 10500 ಮಾನದಂಡ 500ರವರೆಗೂ ಸರಿ ಎನ್ನುತ್ತದೆ. ಕುಡಿಯಲು ಒಳ್ಳೆಯ ನೀರು ಗಾಜಿಗೂ ಒಳ್ಳೆಯದು ಎಂದುಕೊಂಡರೆ ಕೆಲಸ ಕೆಟ್ಟಂತೆಯೇ.

ಈಗ ಬಾಟಲಿಯ ಲೆಕ್ಕ. ಒಂದು ಲೀಟರ್ ಮಿಕ್ಸೆಡ್ ಬೆಡ್ (ಎರಡು ಬಗೆಯ ಮಣಿ ಬೆರೆಸಿದ) ರೆಸಿನ್ ಅಂದಾಜು 25 ಗ್ರಾಂ ಲವಣ ಹಿಡಿದುಕೊಳ್ಳುತ್ತದೆ. ಟಿಡಿಎಸ್ 200 ಇರುವ ನೀರಾದರೆ ಸುಮಾರು 125 ಲೀಟರ್ ಶುದ್ಧ ನೀರು ಸಿಗುತ್ತದೆ. 800 ತೋರಿಸುವ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ 30 ಲೀಟರಿಗೇ ಮುಗಿಯಿತು. ಮೂರು ಅಡಿಗೆ ನಾಲ್ಕು ಅಡಿಯ ಒಂದು ಕಿಟಕಿಗೆ ನಿಮಿಷಕ್ಕೆ ಒಂದೂವರೆ ಲೀಟರಿನಂತೆ ಎರಡು ನಿಮಿಷ ನೀರು ಬಿಟ್ಟರೂ 3 ಲೀಟರ್ ಆಯಿತು. ಅಂದರೆ ಹತ್ತು ಕಿಟಕಿ ತೊಳೆಯುವಷ್ಟರಲ್ಲಿ ಬಾಟಲಿ ಸತ್ತಿರುತ್ತದೆ, ಹನ್ನೊಂದನೆಯದರಿಂದ ಗಾಜಿಗೆ ಸುಣ್ಣದ ನೀರು ಹೋಗುತ್ತಿರುತ್ತದೆ. ತೊಳೆಯುವಾಗ ಎರಡೂ ಒಂದೇ ಥರ ಕಾಣುತ್ತವೆ. ಗೊತ್ತಾಗುವುದು ಗಾಡಿ ಹೊರಟ ಮೇಲೆ, ಮನೆಯವರು ಫೋನ್ ಮಾಡಿದಾಗ.

ಇನ್ನೊಂದು ತೊಂದರೆಯನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ. ರೆಸಿನ್ ಕೆಲಸ ಮಾಡಲು ನೀರು ಅದರೊಳಗೆ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದು ಲೀಟರ್ ಬಾಟಲಿಯಲ್ಲಿ ನಿಮಿಷಕ್ಕೆ ಎರಡು ಲೀಟರ್ ಓಡಿಸಿದರೆ ನೀರು ಅರೆಬರೆ ಶುದ್ಧವಾಗಿ ಹೊರಬೀಳುತ್ತದೆ, ಹೊಸ ರೆಸಿನ್ ಇದ್ದರೂ ಟಿಡಿಎಸ್ ಮೀಟರ್ ಸೊನ್ನೆ ತೋರಿಸದೇ ಹೋಗಬಹುದು. 7 ಲೀಟರಿನ ಟ್ಯಾಂಕ್ ಇದ್ದರೆ ಅದೇ ವೇಗಕ್ಕೆ ಯಾವ ತಕರಾರೂ ಇಲ್ಲ. ಆದ್ದರಿಂದ ಕೋಲಿನಲ್ಲಿ ಒಂದು ದರ್ಜೆ ಕೆಳಗಿಳಿದು ರೆಸಿನ್ ಟ್ಯಾಂಕಿನಲ್ಲಿ ಎರಡು ದರ್ಜೆ ಮೇಲೆ ಹೋಗುವುದು ಜಾಣತನ. ಟ್ಯಾಂಕಿನ ಹೊರಬಾಯಿಗೆ ಇನ್‌ಲೈನ್ ಟಿಡಿಎಸ್ ಮೀಟರ್ ಕೂರಿಸಿ, ಇಲ್ಲವೇ ಪೆನ್ನಿನಂಥ ಮೀಟರಿನಿಂದ ಐದು ಕಿಟಕಿಗೊಮ್ಮೆ ನೋಡಿ. ಮುಗಿಯುವ ಹೊತ್ತಿಗೆ ಅಂಕಿ ನಿಧಾನವಾಗಿ ಏರುವುದಿಲ್ಲ, ಒಮ್ಮೆಲೇ ಜಿಗಿಯುತ್ತದೆ. ಸತ್ತ ರೆಸಿನ್ ಮೀನಿನ ವಾಸನೆ ಹೊಡೆಯುವುದೂ ಉಂಟು.

ಅಪಾರ್ಟ್‌ಮೆಂಟ್, ಲೇಔಟ್‌ಗಳಲ್ಲಿ “ನಮ್ಮಲ್ಲಿ ಸಾಫ್ಟ್‌ನರ್ ಇದೆ, ಆ ನೀರೇ ತಗೊಳ್ಳಿ” ಎನ್ನುತ್ತಾರೆ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ ಅಷ್ಟೇ, ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕಲೆ ಬೀಳುತ್ತದೆ, ಆದರೆ ಒದ್ದೆ ಬಟ್ಟೆಗೆ ಸುಲಭವಾಗಿ ಹೋಗುತ್ತದೆ. ಎರಡನೇ ಮಹಡಿಗೆ ಬಟ್ಟೆ ಹಿಡಿದು ಹೋಗುವವರು ಯಾರು? ಅಡುಗೆಮನೆಯ ಆರ್‌ಒ ನೀರಿಗೂ ಇದೇ ಕಥೆ. ಅದರಲ್ಲಿ ರುಚಿಗೆಂದು ಖನಿಜ ಸೇರಿಸುವ ಅಥವಾ ಶೋಧಿಸದ ನೀರು ಬೆರೆಸುವ ವ್ಯವಸ್ಥೆ ಇದ್ದರೆ ಬೇಕೆಂದೇ ಟಿಡಿಎಸ್ ಉಳಿಸಿರುತ್ತಾರೆ.

ಬೋರ್‌ವೆಲ್ ನೀರಿನ ಏರಿಯಾದಲ್ಲಿ ದಿನವೂ ಕೆಲಸ ಇರುವವರು ರೆಸಿನ್‌ಗೆ ಮೊದಲು ಆರ್‌ಒ ಹಾಕಿಕೊಳ್ಳಲೇಬೇಕು. 800 ಇದ್ದದ್ದು 80ಕ್ಕೆ ಇಳಿದರೆ ಅದೇ ಒಂದು ಲೀಟರ್ ರೆಸಿನ್ 300 ಲೀಟರಿಗೆ ಬರುತ್ತದೆ. ಆರ್‌ಒಗೂ ಮೊದಲು ಕೆಸರು ತಡೆಯುವ 5 ಮೈಕ್ರಾನ್ ಸೆಡಿಮೆಂಟ್ ಫಿಲ್ಟರ್, ಕ್ಲೋರಿನ್ ಬೆರೆತ ಕಾವೇರಿ ನೀರಿಗೆ ಕಾರ್ಬನ್ ಫಿಲ್ಟರ್ ಇರಲಿ, ಕ್ಲೋರಿನ್ ತಾಗಿದರೆ ಆರ್‌ಒ ಮೆಂಬ್ರೇನ್ ಹಾಳು. ಆರ್‌ಒ ಬಿಡುವ ತ್ಯಾಜ್ಯ ನೀರನ್ನು ಚರಂಡಿಗೆ ಬಿಡದೆ ಮೆಶ್, ಗ್ರಿಲ್, ಅಂಗಳ ತೊಳೆಯಲು ಇಟ್ಟುಕೊಳ್ಳಿ. 2024ರ ಮಾರ್ಚ್‌ನಲ್ಲಿ ನೀರಿಗೆ ತತ್ವಾರವಾದಾಗ ಜಲಮಂಡಳಿ ವಾಹನ ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು. ಬೇಸಿಗೆಯಲ್ಲಿ ಬೀದಿಯಲ್ಲಿ ಪೈಪು ಹಿಡಿದು ನಿಂತವರನ್ನು ಜನ ಸುಮ್ಮನೆ ಬಿಡುವುದೂ ಇಲ್ಲ. ಮಳೆನೀರು ಕೊಯ್ಲು ಇರುವ ಮನೆಯಲ್ಲಿ ಮೊದಲ ಮಳೆ ಕಳೆದ ಮೇಲೆ ಡ್ರಮ್ಮಿನಲ್ಲಿ ಹಿಡಿದ ನೀರು ಎಲ್ಲಕ್ಕಿಂತ ಅಗ್ಗ, ಟಿಡಿಎಸ್ ಬಹಳ ಕಡಿಮೆ. ಅದೇ ನೀರು ಸಿಮೆಂಟಿನ ಸಂಪಿನಲ್ಲಿ ತಿಂಗಳು ನಿಂತರೆ ಗೋಡೆಯ ಸುಣ್ಣ ಕರಗಿಸಿಕೊಳ್ಳುತ್ತದೆ, ಮೀಟರ್ ಹಾಕದೆ ನಂಬಬೇಡಿ.

ಕೋಲಿನ ಎತ್ತರವನ್ನು ಮನೆಯ ಲೆಕ್ಕದಲ್ಲೇ ನೋಡಬೇಕು. ಪಾಯ 2 ಅಡಿ, ಮಹಡಿಗೆ 10 ಅಡಿ, ಲಿಂಟಲ್ 7 ಅಡಿ ಎಂದು ಹಿಡಿದರೆ ಮೊದಲ ಮಹಡಿಯ ಕಿಟಕಿಯ ನೆತ್ತಿ 19 ಅಡಿಯಲ್ಲಿ, ಎರಡನೆಯದರದು 29ರಲ್ಲಿ, ಮೂರನೆಯದರದು 39ರಲ್ಲಿ. ಕೆಳಗೆ ಸ್ಟಿಲ್ಟ್ ಪಾರ್ಕಿಂಗ್ ಇದ್ದರೆ ಎಲ್ಲವೂ ಇನ್ನಷ್ಟು ಮೇಲಕ್ಕೆ. 30 ಅಡಿ ಕೋಲು ಎರಡನೇ ಮಹಡಿಗೆ ಸರಿ. ಮೂರನೆಯದಕ್ಕೆ ಕೋಲು ಉದ್ದ ಮಾಡುವ ಬದಲು ಮಹಡಿಯ ಬಾಲ್ಕನಿಯಿಂದ ತೊಳೆಯುವುದೇ ಲೇಸು. ಅಲ್ಯೂಮಿನಿಯಂ ಕೋಲು 20 ಅಡಿಯವರೆಗೆ ಮಾತು ಕೇಳುತ್ತದೆ, ಅದರ ಮೇಲೆ ಮೀನು ಹಿಡಿಯುವ ಗಾಳದಂತೆ ತೂಗಾಡುತ್ತದೆ, ಬ್ರಷ್ ಗಾಜಿನ ಒಂದೇ ಅಂಚಿಗೆ ಒತ್ತುತ್ತದೆ. ಗ್ಲಾಸ್ ಫೈಬರ್ ಭಾರ, ಬಾಗುವುದೂ ಉಂಟು. ಕಾರ್ಬನ್ ಫೈಬರ್ ಹಗುರ, ಗಟ್ಟಿ, ದುಬಾರಿ.

ಕಾರ್ಬನ್‌ನಲ್ಲೂ ಅಲ್ಯೂಮಿನಿಯಂನಲ್ಲೂ ವಿದ್ಯುತ್ ಹರಿಯುತ್ತದೆ. ಒದ್ದೆಯಾದ, ಮಣ್ಣು ಮೆತ್ತಿದ ಗ್ಲಾಸ್ ಫೈಬರನ್ನೂ ನಂಬುವಂತಿಲ್ಲ. ನಮ್ಮ ಹಳೆಯ ಬಡಾವಣೆಗಳಲ್ಲಿ ಬೆಸ್ಕಾಂ ತಂತಿ ಮೊದಲ ಮಹಡಿಯ ಬಾಲ್ಕನಿಗೆ ಕೈಗೆಟುಕುವಂತೆ ಇರುತ್ತದೆ. ರಸ್ತೆ ಕಡೆಯ ಮುಖದಲ್ಲಿ ತಂತಿ ಇದ್ದರೆ ಆ ಕಡೆ ಕೋಲು ಎತ್ತಲೇಬೇಡಿ, ಒಳಗಿನಿಂದ ಮಾಡಿ.

30×40 ಸೈಟಿನ ಮನೆಗಳಲ್ಲಿ ಪಕ್ಕದ ಓಣಿ ಮೂರು ಅಡಿ ಇದ್ದರೆ ಹೆಚ್ಚು. ಅಲ್ಲಿ ಕೋಲು ಬಹುತೇಕ ನೆಟ್ಟಗೆ ನಿಲ್ಲುತ್ತದೆ, ಬ್ರಷ್ ಗಾಜಿಗೆ ತಾಗುತ್ತದೆಯೇ ಹೊರತು ಒತ್ತುವುದಿಲ್ಲ. ಕುತ್ತಿಗೆ ಬಾಗಿದ ಅಡಾಪ್ಟರ್ ಹಾಕಿದರೆ ಸ್ವಲ್ಪ ವಾಸಿ. ಕಿಟ್‌ನಲ್ಲಿ ಅದು ಇಲ್ಲದಿದ್ದರೆ ಮೊದಲು ಅದನ್ನೇ ಕೇಳಿ.

ನೀರಿನ ಒತ್ತಡದಲ್ಲೂ ಜನ ಎಡವುತ್ತಾರೆ. ಓವರ್‌ಹೆಡ್ ಟ್ಯಾಂಕಿನ ನಲ್ಲಿಗೆ ಪೈಪು ಸಿಕ್ಕಿಸಿದರೆ ನೆಲಮಟ್ಟದಲ್ಲಿ ಚೆನ್ನಾಗಿಯೇ ಬರುತ್ತದೆ. ಆದರೆ ನೀರು ಮತ್ತೆ ಹೆಚ್ಚುಕಡಿಮೆ ಟ್ಯಾಂಕಿನ ಎತ್ತರಕ್ಕೇ ಏರಬೇಕು. 10 ಮೀಟರ್ ಏರಲು ಒಂದು ಬಾರ್ ಬೇಕು, ಅದರ ಮೇಲೆ ರೆಸಿನ್, ಸಣ್ಣ ಪೈಪು, ಜೆಟ್ ಎಲ್ಲವೂ ಒಂದಿಷ್ಟು ನುಂಗುತ್ತವೆ. ತುದಿಯಲ್ಲಿ ನೀರು ತೊಟ್ಟಿಕ್ಕುತ್ತದೆ ಅಷ್ಟೇ, ಕೊಳೆ ತೊಳೆದು ಹೋಗದೆ ಗೆರೆಯಾಗುತ್ತದೆ. ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್‌ನಲ್ಲಿ ಇರುವಂಥ 12 ವೋಲ್ಟ್ ಡಯಾಫ್ರಮ್ ಪಂಪ್ ಇದಕ್ಕೆ ಸಾಕು.

ಬ್ರಷ್ ಚೆನ್ನಾಗಿದೆ, ದೂರುವಂಥದ್ದಿಲ್ಲ. ಬಳಸುವ ಕ್ರಮದಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಶುದ್ಧ ನೀರಿನಲ್ಲೂ ಬೀಳುವ ಗೆರೆಗಳಲ್ಲಿ ಬಹುಪಾಲು ಗಾಜಿನದಲ್ಲ, ಮೇಲಿನ ಚೌಕಟ್ಟಿನದು. ಬೀಡಿಂಗ್ ರಬ್ಬರಿನ ಸಂದಿಯಲ್ಲಿ ನಿಂತ ಕೆಂಪು ಧೂಳು ಗಾಜು ಒಣಗುವ ಹೊತ್ತಿಗೆ ಒಂದೊಂದೇ ಹನಿಯಾಗಿ ಇಳಿದು, ನೆತ್ತಿಯಿಂದ ಬುಡದವರೆಗೆ ಪೆನ್ಸಿಲ್ ಎಳೆದಂತೆ ಕಾಣುತ್ತದೆ. ಅದಕ್ಕೇ ಮೊದಲು ಕಿಟಕಿಯ ಮೇಲಿನ ಸಜ್ಜಾದ ಕೆಳಭಾಗ, ಆಮೇಲೆ ಮೇಲಿನ ಚೌಕಟ್ಟು, ಪಕ್ಕದವು, ಕೊನೆಗೆ ಗಾಜು. ಚೌಕಟ್ಟನ್ನು ಉಜ್ಜಿ ಎರಡು ನಿಮಿಷ ಬಿಟ್ಟು, ಪಕ್ಕದ ಕಿಟಕಿಯ ಚೌಕಟ್ಟು ಮುಗಿಸಿ ಬಂದು ಗಾಜು ಹಿಡಿಯಿರಿ. ಅಷ್ಟರಲ್ಲಿ ಸಂದಿಯ ಕೊಳೆ ಇಳಿದಿರುತ್ತದೆ. ಕೊನೆಯ ನೀರು ಬಿಡುವಾಗ ಬ್ರಷ್ಷನ್ನು ಗಾಜಿನಿಂದ ಬೆರಳಗಲ ಎತ್ತಿ ಎಡದಿಂದ ಬಲಕ್ಕೆ ನಿಧಾನ ಸರಿಸಿ, ಜೆಟ್ ಮೇಲಿನ ರಬ್ಬರಿಗೆ ಹೊಡೆಯಬಾರದು, ಅದರ ಕೆಳಗೆ ಗಾಜಿಗೆ ಬೀಳಬೇಕು. ಮೇಲಿನ ಮಹಡಿ ಮುಗಿಸಿಯೇ ಕೆಳಗಿನದು. ವರ್ಷಗಟ್ಟಲೆ ತೊಳೆಯದ ಮನೆಯಾದರೆ ಒಂದೇ ಸಲಕ್ಕೆ ಆಗುವುದಿಲ್ಲ, ಎರಡು ಸುತ್ತು ಎಂದು ಮೊದಲೇ ಹೇಳಿ ರೇಟು ಮಾತಾಡಿ.

ಮೊದಲ ಸುತ್ತಿಗೆ ಸೋಪಿನ ನೀರು ಬೆರೆಸುವವರಿದ್ದಾರೆ. ಉಳಿದ ಸೋಪು ಮುಂದಿನ ಧೂಳನ್ನು ಕರೆದು ಕೂರಿಸುತ್ತದೆ, ಬೇಡ. ಮಾರ್ಚ್, ಏಪ್ರಿಲ್‌ನಲ್ಲಿ ಪಶ್ಚಿಮದ ಗೋಡೆಯನ್ನು ಬೆಳಿಗ್ಗೆಯೇ ಮುಗಿಸಿ. ಕಾದ ಗಾಜಿನ ಮೇಲೆ ಶುದ್ಧ ನೀರು ಕಲೆ ಬಿಡದಿದ್ದರೂ ಕದಡಿದ ಕೊಳೆ ಅರ್ಧದಲ್ಲೇ ಒಣಗುತ್ತದೆ. ಸ್ಲೈಡಿಂಗ್ ಕಿಟಕಿಯ ಕೆಳ ಟ್ರ್ಯಾಕಿನಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳಿರುತ್ತವೆ. ಅವು ಸಿಮೆಂಟ್, ಧೂಳು ಕಟ್ಟಿಕೊಂಡಿದ್ದರೆ ನೀರು ಸೀದಾ ಮನೆಯೊಳಗೆ. ಒಳಗಿನಿಂದ ಲಾಕ್ ಹಾಕಿಸಿ, ಟ್ರ್ಯಾಕಿಗೆ ಬಟ್ಟೆ ಇಡಿಸಿ.

ಹೊರಗೆ ಕಬ್ಬಿಣದ ಗ್ರಿಲ್ ಇರುವ ಕಿಟಕಿಗೆ ಈ ಕಿಟ್ ದಂಡ. ಕಂಬಿಗಳ ನಡುವೆ ಬ್ರಷ್ ಹೋಗುವುದಿಲ್ಲ, ತುಕ್ಕಿನ ನೀರು ಗಾಜಿಗೆ ಬೀಳುತ್ತದೆ. ಸೊಳ್ಳೆ ಮೆಶ್ ಹೊರಗಡೆ ಇದ್ದು ತೆಗೆಯಲು ಬಾರದಿದ್ದರೂ ಅಷ್ಟೇ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅಂಥಲ್ಲಿ ಒಳಗಿನಿಂದ ಕೈಹಾಕಿ 14 ಇಂಚಿನ ಸ್ಕ್ವೀಜಿ (ನೀರು ಎಳೆಯುವ ರಬ್ಬರ್ ಪಟ್ಟಿ) ಎಳೆಯುವುದೇ ದಾರಿ: ಬಕೆಟ್ಟಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ ಮಾತ್ರ, ಮೇಲಂಚಿನಲ್ಲಿ ಒಂದಿಂಚು ಒಣ ಬಟ್ಟೆಯಿಂದ ಒರೆಸಿ ಅಲ್ಲಿಂದ ಶುರು, ಪ್ರತಿ ಎಳೆತ ಹಿಂದಿನದರ ಮೇಲೆ ಎರಡು ಇಂಚು ಏರಿರಲಿ, ಪ್ರತಿ ಎಳೆತಕ್ಕೂ ರಬ್ಬರ್ ಒರೆಸಿ. ಒಂದೇ ಜಾಗದಲ್ಲಿ ತೆಳು ಗೆರೆ ಮತ್ತೆ ಮತ್ತೆ ಬರುತ್ತಿದ್ದರೆ ರಬ್ಬರಿನ ಅಂಚು ಹರಿದಿದೆ ಎಂದರ್ಥ, ತಿರುಗಿಸಿ ಹಾಕಿ. ನೀರನ್ನು ಎಳೆದು ತೆಗೆಯುವುದರಿಂದ ಇಲ್ಲಿ ಕಾವೇರಿ ನೀರೇ ಸಾಕು.

ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿದು ವರ್ಷಗಟ್ಟಲೆ ಗಾಜಿನ ಮೇಲೆ ಇಳಿದ ಬಿಳಿ ಪದರ, ಸಿಮೆಂಟ್ ಚಿಮ್ಮಿದ ಚುಕ್ಕೆ, ಬಣ್ಣದ ಹನಿ ಯಾವುದೂ ಈ ಕಿಟ್‌ನಿಂದ ಹೋಗುವುದಿಲ್ಲ. ಹೋಗುತ್ತದೆ ಎಂದು ಜಾಹೀರಾತು ಹೇಳಿದರೆ ನಂಬಬೇಡಿ, ಅದು ಬೇರೆ ಕೆಲಸ, ಬೇರೆ ರೇಟು. ಆ್ಯಸಿಡ್ ಹಚ್ಚಲು ಹೋದರೆ ಅಲ್ಯೂಮಿನಿಯಂ ಚೌಕಟ್ಟಿನ ಪೌಡರ್ ಕೋಟಿಂಗ್ ಹಾಳಾಗಬಹುದು.

ಬಾಳಿಕೆಯಲ್ಲಿ ಮೊದಲು ಸೋಲುವುದು ಕೋಲಿನ ಕ್ಲ್ಯಾಂಪು. ಮರಳು ಸಿಕ್ಕಿಕೊಂಡರೆ ಹಿಡಿತ ಜಾರುತ್ತದೆ, ತಿರುಪು ಜೋರಾಗಿ ಬಿಗಿ ಮಾಡಿದರೆ ಪ್ಲಾಸ್ಟಿಕ್ ಸೀಳುತ್ತದೆ. ಬಿಡಿ ಕ್ಲ್ಯಾಂಪು ಕೊಡದ ಅಂಗಡಿಯಿಂದ ಕೋಲು ಕೊಳ್ಳಬೇಡಿ. ಕೆಲಸ ಮುಗಿದ ಮೇಲೆ ಭಾಗ ಬಿಡಿಸಿ, ಒರೆಸಿ, ಬುಡ ಮೇಲೆ ಮಾಡಿ ನಿಲ್ಲಿಸಿ. ರೆಸಿನ್ ಟ್ಯಾಂಕನ್ನು ಬಿಸಿಲಿಗೆ ಕಾದ ಗಾಡಿಯಲ್ಲಿ ಬಿಡದೆ, ಒಣಗಲೂ ಬಿಡದೆ, ಎರಡೂ ಬಾಯಿ ಮುಚ್ಚಿ ನೆರಳಿನಲ್ಲಿಡಿ. ಮುಗಿದ ರೆಸಿನ್‌ಗೆ ಸಾಫ್ಟ್‌ನರ್‌ನಂತೆ ಉಪ್ಪುನೀರು ಹಾಕಿದರೆ ಅದು ಮತ್ತೆ ಏಳುವುದಿಲ್ಲ. ಅದಕ್ಕೆ ಆ್ಯಸಿಡ್ಡೂ ಕಾಸ್ಟಿಕ್ ಸೋಡಾವೂ ಬೇಕು, ಸೈಟಿನಲ್ಲಿ ಮಾಡುವ ಕೆಲಸವಲ್ಲ, ಹೊಸದನ್ನು ತುಂಬಿಸಿ.