ಪೋಸ್ಟ್‌ಗ್ರೆಸ್: ವರ್ಷಕ್ಕೊಂದು ವರ್ಷನ್ ಬಂದರೂ ಬಿಡದೆ ಬಳಸುತ್ತಿರುವವನ ಅನಿಸಿಕೆ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರನ್ನು 9.6ನೇ ವರ್ಷನ್ ಕಾಲದಿಂದ ನೋಡಿಕೊಳ್ಳುತ್ತಿದ್ದೇನೆ. ವರ್ಷಕ್ಕೊಂದು ಮೇಜರ್ ವರ್ಷನ್ ಬರುತ್ತದೆ. ಕೇಳಿದರೆ ಭಯವಾಗುತ್ತದೆ, ಅಲ್ವಾ? ಆದರೆ ಒಂದೊಂದಕ್ಕೂ ಐದು ವರ್ಷ ಸಪೋರ್ಟ್ ಇರುತ್ತದೆ. ನಡುವಿನ ವರ್ಷನ್‌ಗಳನ್ನು ಬಿಟ್ಟು ನೇರವಾಗಿ ಮುಂದಿನದಕ್ಕೆ ಹೋಗಬಹುದು. ಹಾಗಾಗಿ ನಾನು ಪ್ರತಿ ವರ್ಷ ಓಡುವುದಿಲ್ಲ.

ಮೈನರ್ ಅಪ್‌ಡೇಟ್‌ಗಳ ಕಥೆ ಬೇರೆ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್‌ನಲ್ಲಿ ಬರುತ್ತವೆ. ಪ್ಯಾಕೇಜ್ ಹಾಕಿ ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಮುಗೀತು. ಎಕ್ಸ್‌ಟೆನ್ಷನ್ (ಹೆಚ್ಚಿನ ಸೌಲಭ್ಯಕ್ಕೆ ಸೇರಿಸಿಕೊಳ್ಳುವ ತುಣುಕು) ಜಾಸ್ತಿ ಇದ್ದವರು ಮಾತ್ರ ಒಂದು ವಾರ ಕಾಯಿರಿ. 2024ರ ನವೆಂಬರಿನಲ್ಲಿ ಬಂದ 17.1 ಕೆಲವು ಎಕ್ಸ್‌ಟೆನ್ಷನ್‌ಗಳಿಗೆ ಹೊಂದಲಿಲ್ಲ. ವಾರದೊಳಗೇ 17.2 ಬಿಡಬೇಕಾಯಿತು.

ಮೇಜರ್ ಬದಲಾವಣೆಯಲ್ಲಿ ಕಾಟ ಕೊಡುವುದು ಹೊಸ ಸೌಲಭ್ಯಗಳಲ್ಲ, ಸದ್ದಿಲ್ಲದೆ ಬದಲಾಗುವ ಡಿಫಾಲ್ಟ್‌ಗಳು. 14ರಲ್ಲಿ ಪಾಸ್‌ವರ್ಡ್ ಕಾಪಾಡುವ ವಿಧಾನ ಎಂಡಿ5 ಬಿಟ್ಟು ಸ್ಕ್ರ್ಯಾಮ್ ಆಯಿತು. ಡೇಟಾಬೇಸಿಗೆ ಸಂಪರ್ಕ ಕೊಡುವ ಡ್ರೈವರ್ ಹಳೇದಾಗಿದ್ದ ಆ್ಯಪ್‌ಗಳು ಲಾಗಿನ್ ಆಗದೆ ನಿಂತವು. 15ರಿಂದ ಹೊಸ ಡೇಟಾಬೇಸಿನ ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್‌ಗಳು ಸಾಮಾನ್ಯವಾಗಿ ಕೂರುವ ಜಾಗ) ಯಾರು ಬೇಕಾದರೂ ಟೇಬಲ್ ಮಾಡುವ ಹಾಗಿಲ್ಲ. ಒಳ್ಳೆಯದೇ, ಆದರೆ ಹಳೇ ಸೆಟಪ್ ಸ್ಕ್ರಿಪ್ಟ್‌ಗಳು ಕೈಕೊಟ್ಟವು. ರಿಲೀಸ್ ನೋಟ್ಸ್‌ನಲ್ಲಿ ಮೈಗ್ರೇಶನ್ ಅಂತ ಇರುವ ಭಾಗವನ್ನಾದರೂ ಪೂರ್ತಿ ಓದಿ. ಉಳಿದದ್ದನ್ನು ಸುಮ್ನೆ ಕಣ್ಣಾಡಿಸಿದರೂ ನಡೆಯುತ್ತದೆ.

ನಿಜಕ್ಕೂ ನಿದ್ದೆ ಕೆಡಿಸುವುದು ಪೋಸ್ಟ್‌ಗ್ರೆಸ್ ಅಲ್ಲ, ಅದರ ಕೆಳಗಿರುವ ಲಿನಕ್ಸ್. ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ 2.28ರಲ್ಲಿ ಅಕ್ಷರಗಳನ್ನು ಜೋಡಿಸುವ ಕ್ರಮ ಬದಲಾಯಿತು. ಡೇಟಾಬೇಸ್ ವರ್ಷನ್ ಅದೇ, ಡೇಟಾ ಅದೇ. ಆದರೆ ಟೆಕ್ಸ್ಟ್ ಕಾಲಂ ಮೇಲಿನ ಇಂಡೆಕ್ಸ್ (ಬೇಗ ಹುಡುಕಲು ಜೋಡಿಸಿಟ್ಟ ಸೂಚಿ) ಇರುವುದು ಹಳೇ ಕ್ರಮದಲ್ಲಿ, ಹುಡುಕುವುದು ಹೊಸ ಕ್ರಮದಲ್ಲಿ. ಕಣ್ಣೆದುರೇ ಇರುವ ಸಾಲು ಸಿಗುವುದಿಲ್ಲ. ಯೂನಿಕ್ ಅಂದಿದ್ದರೂ ಒಂದೇ ಹೆಸರು ಎರಡು ಸಲ ಒಳಗೆ ಬಂದು ಕೂರಬಹುದು. ಎರರ್ ಮಾತ್ರ ಬರುವುದಿಲ್ಲ! ಅದಕ್ಕೇ ಓಎಸ್ ಬದಲಿಸಿದಾಗಲೆಲ್ಲ ನಾನು ಟೆಕ್ಸ್ಟ್ ಇಂಡೆಕ್ಸ್‌ಗಳನ್ನು ರೀಇಂಡೆಕ್ಸ್ ಮಾಡಿ ಹೊಸದಾಗಿ ಕಟ್ಟಿಬಿಡುತ್ತೇನೆ.

ಹೊಸ ಮೇಜರ್ ವರ್ಷನ್‌ಗೆ ಡೇಟಾ ಸಾಗಿಸುವ ಪಿಜಿ ಅಪ್‌ಗ್ರೇಡ್ ಟೂಲ್ ಬಗ್ಗೆ ದೂರಿಲ್ಲ. ಚೆಕ್ ಆಯ್ಕೆ ಹಾಕಿದರೆ ಡೇಟಾ ಮುಟ್ಟದೆ ತೊಡಕುಗಳನ್ನಷ್ಟೇ ಹೇಳುತ್ತದೆ. 17ರವರೆಗೂ ಅದು ಕ್ವೆರಿಗಳಿಗೆ ದಾರಿ ಆರಿಸಲು ಬೇಕಾದ ಡೇಟಾದ ಅಂಕಿಅಂಶಗಳನ್ನು ಹೊಸ ಕಡೆಗೆ ಒಯ್ಯುತ್ತಿರಲಿಲ್ಲ. ಅವನ್ನು ಮತ್ತೆ ಲೆಕ್ಕ ಹಾಕುವ ಅನಲೈಜ್ ಓಡಿಸುವವರೆಗೆ ಕ್ವೆರಿಗಳು ತೆವಳುತ್ತಿದ್ದವು. 18ರಲ್ಲಿ ಬಹುಪಾಲು ತಾನಾಗಿಯೇ ಬರುತ್ತವೆ. ಆದರೆ 18ರಲ್ಲಿ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ಪರೀಕ್ಷಿಸುವ ಗುರುತು) ಡಿಫಾಲ್ಟ್ ಆಗಿ ಆನ್ ಇರುತ್ತದೆ. ಹಳೇ ಕಡೆ ಆಫ್ ಇದ್ದರೆ ಅಪ್‌ಗ್ರೇಡ್ ಮುಂದೆ ಹೋಗುವುದಿಲ್ಲ, ಎರಡೂ ಕಡೆ ಒಂದೇ ಥರ ಇರಬೇಕು. ಲಿಂಕ್ ಆಯ್ಕೆ ಫೈಲ್ ನಕಲು ಮಾಡುವುದಿಲ್ಲವಾದ್ದರಿಂದ ದೊಡ್ಡ ಡೇಟಾಬೇಸಿಗೂ ಬೇಗ ಮುಗಿಯುತ್ತದೆ. ಆದರೆ ಹೊಸ ಸರ್ವರ್ ಒಮ್ಮೆ ಶುರುವಾದರೆ ಹಳೆಯದಕ್ಕೆ ವಾಪಸ್ ಹೋಗಲು ಆಗುವುದಿಲ್ಲ. ಬ್ಯಾಕಪ್ ತೆಗೆದು, ಅದನ್ನು ಬೇರೆ ಮೆಷಿನ್‌ನಲ್ಲಿ ರಿಸ್ಟೋರ್ ಮಾಡಿ ನೋಡಿದ ಮೇಲೇ ಆ ಆಯ್ಕೆಗೆ ಕೈಹಾಕಿ.